ಬರ್ಲಾ?

ಪಾಳು ಬಾವಿ ದಾಟುವಾಗ ಮೂರು ಜನರ ಹೆಜ್ಜೆ ಸದ್ದು ಕೇಳಿಸಿತು... ನಡೆಯುತ್ತಿದ್ದವರು ಇಬ್ಬರೇ. ಅಪ್ಪ, ಮಗಳು.

ಇದು ಯಾರೋ ಯಾರಿಗೋ ಹೇಳಿದ ಕತೆ ಅಂದುಕೊಳ್ಳಬೇಡಿ. ನನ್ನ ಹೆಂಡತಿಯ ತಂಗಿಯ ಗಂಡನಿಗೆ, ನನ್ನ ಸ್ವಂತ ಷಡ್ಡಕನಿಗೆ ಆದದ್ದು. ಷಡ್ಡಕ ಹತ್ತು ವರ್ಷ ಬಟ್ಟೆ ಅಂಗಡಿಯ ಬಾಗಿಲಲ್ಲಿ ನಿಂತವನು. ಬಂದವರಿಗೆ "ಬನ್ನಿ ಬನ್ನಿ", ಹೊರಟವರಿಗೆ "ಹೋಗಿ ಬನ್ನಿ". ಕೊಂಡವರಿಗೂ ಅದೇ, ಅಂಗಡಿಯನ್ನೆಲ್ಲ ಬಿಚ್ಚಿಸಿ ಬರಿಗೈಲಿ ಹೊರಟವರಿಗೂ ಅದೇ. ನಿದ್ದೆಯಲ್ಲೂ ಅದನ್ನೇ ಗೊಣಗುತ್ತಾನೆ ಅಂತ ನನ್ನ ನಾದಿನಿ ನಗುತ್ತಿದ್ದಳು. ಆಮೇಲೆ ಅಂಗಡಿ ಮುಚ್ಚಿತು. ಪುಣ್ಯಕ್ಕೆ ಈಜು ಬರುತ್ತಿತ್ತು, ಕೆರೆ ದಂಡೆಯಲ್ಲಿ ಕಾವಲಿನ ಕೆಲಸ ಸಿಕ್ಕಿತು.

ಬೇಸಿಗೆಯಲ್ಲಿ ಆ ಮರಳು ದಂಡೆಯ ಮೇಲೆ ಕಾಲಿಡಲು ಜಾಗವಿರುವುದಿಲ್ಲ. ಚಾಪೆ, ಬುತ್ತಿ, ಟ್ಯೂಬು ಹೊತ್ತು ಬೆಳಿಗ್ಗೆ ಬಸ್ಸಿಳಿಯುವ ಸಂಸಾರಗಳು ಸಂಜೆ ಬಸ್ಸಿನ ತುಂಬ ಮರಳು ಉದುರಿಸುತ್ತ ಹೋಗುತ್ತವೆ. ನೀರಿಗಿಳಿಯುವವರ ಮಣಿಕಟ್ಟಿಗೆ ಷಡ್ಡಕ ತಗಡಿನ ಟೋಕನ್ ಕಟ್ಟಬೇಕು, ಮೇಲೆ ಬಂದಾಗ ಬಿಚ್ಚಿ ಹಲಗೆಯ ಮೊಳೆಗೆ ತೂಗುಹಾಕಬೇಕು. ನಲವತ್ತು ಮೊಳೆ, ನಲವತ್ತು ಟೋಕನ್. ಒಂದು ಮೊಳೆ ಖಾಲಿ ಇದ್ದರೂ ಯಾರೋ ಇನ್ನೂ ನೀರಲ್ಲಿದ್ದಾರೆ ಅಂತ ಅರ್ಥ.

ದಂಡೆಯಲ್ಲಿ ಒಬ್ಬ ಅಕ್ಕ, ಬಂದವರಿಗೆಲ್ಲ ಟೋಪಿ ಹಾಕುವವಳು. ಬೈಗುಳವಲ್ಲ, ಅವಳ ವ್ಯಾಪಾರವೇ ಬಿಸಿಲು ಟೋಪಿಯದು. ಮೊದಲ ದಿನವೇ ಅವಳು ಷಡ್ಡಕನನ್ನು ಪಕ್ಕಕ್ಕೆ ಕರೆದಳು.

"ದೀಪ ಹಾಕಿದ್ಮೇಲೆ ಇಲ್ಲಿ ಯಾರಿಗೂ ಹೋಗಿ ಬನ್ನಿ ಅನ್ಬೇಡ."

"ಯಾಕಕ್ಕಾ?"

"ಬರ್ತಾರೆ."

"ಮತ್ತೇನನ್ಲಿ?"

"ಹೋಗಿ ಅನ್ನು. ಇಲ್ಲಾಂದ್ರೆ ಬಾಯಿ ಮುಚ್ಕೊಂಡು ತಲೆ ಆಡಿಸು."

ಷಡ್ಡಕ ನಕ್ಕುಬಿಟ್ಟ.

ಒಂದು ಭಾನುವಾರ ನಾದಿನಿಗೆ ಆಸ್ಪತ್ರೆಯಲ್ಲಿ ಡ್ಯೂಟಿ. ಆರು ವರ್ಷದ ಮಗಳನ್ನು ಷಡ್ಡಕನೇ ಕೆಲಸಕ್ಕೆ ಕರೆದುಕೊಂಡು ಹೋದ. ಸಂಜೆ ಕೊನೆಯ ಬಸ್ಸೂ ಹೋಯಿತು. ಮೊಳೆಗಳೆಲ್ಲ ಭರ್ತಿ, ನೀರಲ್ಲಿ ಯಾರೂ ಇಲ್ಲ. ದೀಪ ಹಾಕಿ, ಬಗ್ಗಿ ಕೂತು ದಂಡೆಯ ಬಾಡಿಗೆ ಟ್ಯೂಬುಗಳ ಗಾಳಿ ಬಿಡತೊಡಗಿದ. ಸುಸ್ಸ್ಸ್... ಅದರ ನಡುವೆ ಬೆನ್ನ ಹಿಂದೆ, ಪಚ್... ಪಚ್... ಒದ್ದೆ ಪಾದದ ಸದ್ದು. ಒಂದು ಹೆಣ್ಣು ದನಿ.

"ಹೊತ್ತಾಯ್ತು. ಬರ್ಲಾ?"

"ಹೋಗಿ ಬನ್ನಿ," ಅಂದ ಷಡ್ಡಕ. ತಲೆ ಕೂಡ ಎತ್ತಲಿಲ್ಲ.

ಆಮೇಲೆ ಎತ್ತಿದ. ಯಾರೂ ಇಲ್ಲ... ನೀರಿನ ಅಂಚಿನಿಂದ ಒದ್ದೆ ಹೆಜ್ಜೆಗಳು ಬಂದಿದ್ದವು. ಅವನ ಬೆನ್ನ ಹತ್ತಿರ ನಿಂತಿದ್ದವು. ವಾಪಸ್ಸು ಹೋದ ಗುರುತಿಲ್ಲ. ಮಗಳ ಬಲಗೈ ಹಿಡಿದು ಮನೆಯ ದಾರಿ ಹಿಡಿದ.

ಬಾವಿಯ ಹತ್ತಿರ ಅದು ಕೇಳಿಸಿತು. ಅವನ ಬೂಟು ಟಕ್ ಟಕ್. ಮಗಳ ಚಪ್ಪಲಿ ಚಟಪಟ. ಮಗಳ ಆಚೆ ಬದಿಯಿಂದ... ಪಚ್. ನಿಂತ. ಅದೂ ನಿಂತಿತು, ಒಂದು ಹೆಜ್ಜೆ ತಡವಾಗಿ.

"ಅಪ್ಪಾ..."

"ಶ್! ನಡಿ."

"ಈ ಕೈ ತುಂಬಾ ತಣ್ಣಗಿದೆ."

ಅವನು ಹಿಡಿದಿದ್ದು ಬಲಗೈ. ಅವಳ ಎಡಗೈ ಪಕ್ಕಕ್ಕೆ ಚಾಚಿಕೊಂಡಿತ್ತು, ಯಾರದೋ ಬೆರಳು ಹಿಡಿದ ಹಾಗೆ.

"ಯಾರ ಕೈ, ಪುಟ್ಟಿ?"

"ಆಂಟಿದು. ನೀನೇ ಬನ್ನಿ ಅಂದ್ಯಲ್ಲ?"

ಷಡ್ಡಕ ಮಗಳನ್ನು ಎಳೆದ. ಆ ಕಡೆಯಿಂದಲೂ ಎಳೆತ! ಎತ್ತಿ ಹೆಗಲಿಗೆ ಹಾಕಿಕೊಂಡು ಓಡಿದ. ಆ ಎಡಗೈ ಮಾತ್ರ ಕೆಳಕ್ಕೆ ಚಾಚಿಕೊಂಡೇ ಇತ್ತು. ಪಚ್ ಪಚ್ ಪಚ್... ಅದೂ ಓಡುತ್ತಿತ್ತು. ಅದೂ ಮನೆಯ ಹೊಸಿಲು ದಾಟಿದರೆ ಮಗಳು ತನ್ನವಳಾಗಿ ಉಳಿಯುವುದಿಲ್ಲ ಅಂತ ಅವನಿಗೆ ಅನ್ನಿಸಿಬಿಟ್ಟಿತು. ಟೋಪಿ ಅಕ್ಕ ಹೇಳಿದ್ದು ನೆನಪಾಯಿತು. ಬಾಗಿಲು ನೂಕಿ, ಮಗಳನ್ನು ಒಳಗಿಳಿಸಿ, ಕತ್ತಲೆಗೆ ಮುಖ ಮಾಡಿ ನಿಂತ.

"ಹೋಗಿ," ಅಂದ.

ಹತ್ತು ವರ್ಷದ ನಾಲಿಗೆ ಕೇಳಬೇಕಲ್ಲ! ಮುಂದಿನ ಮಾತಿಗೆ ತಾನಾಗಿ ಹೊರಳಿತು. ರಕ್ತ ಬರುವ ಹಾಗೆ ಕಚ್ಚಿ ಹಿಡಿದ. ಹೊಸಿಲಾಚೆ ಚಾಚಿದ್ದ ಮಗಳ ಎಡಗೈ ಸಡಿಲವಾಗಿ ಕೆಳಗೆ ಬಿತ್ತು. ಪಚ್... ಪಚ್... ಸದ್ದು ಮೆಲ್ಲಗೆ ಗೇಟಿನ ಕಡೆ ಹೊರಟಿತು. ಕಿರ್ರ್... ಗೇಟು ತೆರೆಯಿತು. ಷಡ್ಡಕ ಉಸಿರು ಬಿಟ್ಟ.

ಅಷ್ಟರಲ್ಲಿ ಹಿಂದಿನಿಂದ ಮಗಳು. ಮನೆಗೆ ಬಂದವರು ಹೊರಟಾಗ ಏನನ್ನಬೇಕು ಅಂತ ಅಪ್ಪನೇ ಕಲಿಸಿದ್ದನಲ್ಲ. ಅಪ್ಪ ಅರ್ಧಕ್ಕೆ ಬಿಟ್ಟದ್ದನ್ನು ಕೈ ಬೀಸುತ್ತ ಮುಗಿಸಿದಳು.

"ಬನ್ನಿ, ಆಂಟಿ!"

ಗೇಟಿನ ಹತ್ತಿರ ಸದ್ದು ನಿಂತಿತು...

ಆಮೇಲೆ ಏನಾಯಿತು ಅಂತ ಷಡ್ಡಕ ಹೇಳುವುದಿಲ್ಲ. ಆ ಕೆಲಸ ಬಿಟ್ಟ. ಹೋದ ವಾರ ನಾನು ಅವರ ಮನೆಗೆ ಹೋಗಿದ್ದೆ. ಸುಡು ಮಧ್ಯಾಹ್ನ. ಹೊರಡುವಾಗ "ಬರ್ಲಾ?" ಅಂದೆ, ಗಂಡ ಹೆಂಡತಿ ಇಬ್ಬರೂ ಬರೀ ತಲೆ ಆಡಿಸಿದರು. ಮಗುವಿಗೆ ಬಿಸ್ಕತ್ತು ಕೊಟ್ಟೆ, ಬಲಗೈಲಿ ತೆಗೆದುಕೊಂಡಳು. ಎಡಗೈ ಪಕ್ಕಕ್ಕೆ ಚಾಚಿಕೊಂಡಿತ್ತು. "ಆ ಕೈನೂ ದೊಡ್ಡಪ್ಪಂಗೆ ಕೊಡು ಪುಟ್ಟಿ," ಅಂತ ನಾನೇ ಹಿಡಿದುಕೊಂಡೆ. ನೀವು ನಂಬಿ, ಬಿಡಿ, ನಾನೇ ಈ ಕೈಯಾರೆ ಮುಟ್ಟಿದ್ದೇನೆ. ಅಂಗೈ ಒದ್ದೆಯಾಗಿತ್ತು. ಬೆರಳ ಸಂದಿಯಲ್ಲಿ ಮರಳಿತ್ತು.