ವಲೇರಿಯನ್‌ನ ಕಿಸೆಯ ರಿಮೋಟು

ಕಾಪು ಮೀನು ಮಾರ್ಕೆಟಿನ ತಗಡಿನ ಮಾಡಿನ ಮೇಲೆ ಸಂಜೆಯ ಮಳೆ ಒಂದೇ ಸಮನೆ ಬಡಿಯುತ್ತಿತ್ತು. ಕರೆಂಟು ಇರಲಿಲ್ಲ. ಬಸ್ಸು ತಪ್ಪಿಸಿಕೊಂಡ ನಾವು ಕೆಲವರು ಮೋಹಿನಿ ಅಕ್ಕನ ಬುಟ್ಟಿಯ ಸುತ್ತ ಒತ್ತಿಕೊಂಡು ಕೂತೆವು. ಮೀನು ಮಾರುತ್ತಲೇ ಮುದುಕಿಯಾದವಳು ಆಕೆ. "ಐಸ್ ಪ್ಲಾಂಟಿನ ವಲೇರಿಯನ್ ಸತ್ತದ್ದು ಅವನದ್ದೇ ತಪ್ಪಿನಿಂದಂತೆ, ಅಲ್ವಾ ಅಕ್ಕ?" ಎಂದು ಯಾರೋ ಕೇಳಿದ್ದೇ ತಡ, ಅಕ್ಕ ಬಾಯಿಯ ಎಲೆಯಡಿಕೆಯನ್ನು ಉಗಿದಳು.

"ಯಾರು ಹೇಳಿದ್ದು ಮಾರಾಯ? ಪ್ಲಾಂಟಿನ ಧಣಿ ಜಿತೇಂದ್ರನಾ? ಹಾಗಾದರೆ ಕೇಳಿ... ಆ ಪ್ಲಾಂಟಿನಲ್ಲಿ ಅಕ್ಕಪಕ್ಕ ಎರಡು ಶೆಡ್ಡು ಉಂಟು, ಎರಡರಲ್ಲೂ ಐಸಿನ ಡಬ್ಬ ಎತ್ತುವ ಕ್ರೇನು, ಅದನ್ನು ನಡೆಸಲಿಕ್ಕೆ ಒಂದೊಂದು ರಿಮೋಟು. ಕ್ರೇನಿನ ಅಡಿಗೆ ಹೋಗುವವ ರಿಮೋಟನ್ನು ತನ್ನ ಕಿಸೆಯಲ್ಲೇ ಇಟ್ಟುಕೊಂಡು ಹೋಗಬೇಕು, ಬೇರೆ ಯಾರೂ ಒತ್ತಬಾರದಲ್ಲ, ಅದಕ್ಕೆ. ವಲೇರಿಯನ್ ಹಾಗೆಯೇ ಹೋದ. ಆದರೂ ಕ್ರೇನಿನ ಕಬ್ಬಿಣದ ಕೊಕ್ಕೆ ಇಳಿಯಿತು... ತಲೆಯ ಮೇಲೆಯೇ.

ಧಣಿ ಎಂತ ಹೇಳಿದ? ಬಗ್ಗುವಾಗ ಅವನದ್ದೇ ಸೊಂಟ ತಾಗಿ ಬಟನ್ ಒತ್ತಿತು, ಅವನದ್ದೇ ಅಜಾಗ್ರತೆ ಅಂತ. ಹೆಂಡತಿ ಇಮೆಲ್ಡಾ ಒಂದೇ ಮಾತು ಹಿಡಿದಳು: 'ಸತ್ತವರು ಬರುವುದಿಲ್ಲ, ಗೊತ್ತುಂಟು. ಆದರೆ ತಪ್ಪು ಅವರದ್ದಲ್ಲ ಅಂತ ನಿಮ್ಮ ಬಾಯಲ್ಲೇ ಹೇಳಿ.'

ಅವಳ ಬಾಯಿ ಮುಚ್ಚಿಸಲಿಕ್ಕೆ ಧಣಿ ಎಲ್ಲರನ್ನೂ ಕರೆದ, ಐಸಿಗೆ ಹೋಗಿದ್ದ ನಾನೂ ಇದ್ದೆ. ವಲೇರಿಯನ್‌ನದ್ದೇ ರಿಮೋಟನ್ನು, ಹೆದರಿಕೆಗೆ ಅದರ ಬ್ಯಾಟರಿ ಸೆಲ್ಲು ತೆಗೆದು, ತನ್ನ ಕಿಸೆಗೆ ಹಾಕಿಕೊಂಡು ಕ್ರೇನಿನ ಅಡಿಗೆ ಹೋಗಿ, 'ನೋಡಿ, ಹೀಗೆ ತಾಗಿದ್ದು' ಅಂತ ಬಗ್ಗಿದ. ಆಚೆ ಶೆಡ್ಡಿಗೆ ಬೀಗ. ಅದರ ರಿಮೋಟೂ ಒಳಗೇ, ಅಲ್ಲಿ ನರಪಿಳ್ಳೆ ಇಲ್ಲ...

ಅವನ ಕಿಸೆಯೊಳಗೆ ಕೆಂಪು ದೀಪ ಹೊತ್ತಿತು.

ಕೊಕ್ಕೆ ಇಳಿಯಿತು ಮಕ್ಕಳೇ, ಮೆಲ್ಲಗೆ, ಅವನ ಕೂದಲು ಮುಟ್ಟುವಷ್ಟು ಇಳಿದು ನಿಂತಿತು. ಅತ್ತ ಸರಿದರೆ ಅತ್ತ, ಇತ್ತ ಸರಿದರೆ ಇತ್ತ! ಆಗ ಕೂಗಿದ ನೋಡಿ: 'ನಾನೇ! ಆಚೆಯ ರಿಮೋಟು ಹಾಳಾಗಿತ್ತು, ಅವ ಸತ್ತ ದಿನ ಬೆಳಿಗ್ಗೆ ಬೇರೆ ತಂದು ಎರಡಕ್ಕೂ ಒಂದೇ ಕೋಡ್ ನಂಬರು ಹಾಕಿಸಿದೆ, ಯಾರಿಗೂ ಹೇಳಲಿಲ್ಲ! ಆಚೆಯವ ಒತ್ತಿದ್ದಕ್ಕೆ ಈಚೆಯದ್ದು ಇಳಿಯಿತು!' ಕೊಕ್ಕೆ ಮೇಲೆ ಹೋಯಿತು. ಇಮೆಲ್ಡಾ ಅಳಲಿಲ್ಲ, ಶಿಲುಬೆಯ ಗುರುತು ಮಾಡಿಕೊಂಡಳು.

ಅಲ್ಲಿಗೆ ಮುಗಿಯಿತಾ? ಮಾರನೇ ದಿನವೇ ಪೊಲೀಸರ ಹತ್ತಿರ ಮಾತು ಬದಲಿಸಿದ. ಮಣಿಪಾಲದಿಂದ ಕ್ರೇನು ನೋಡಲಿಕ್ಕೆ ಬಂದ ಮೆಕ್ಯಾನಿಕ್ಕು ಹೇಳಿದನಂತೆ, ರಿಮೋಟಿನ ಈ ರೇಡಿಯೋ ಅಲೆಗೆ ಲೈಸೆನ್ಸು ಬೇಡ, ಗೇಟು, ಕಾರಿನ ಕೀ, ಬ್ಲೂಟೂತು ಎಲ್ಲವೂ ಹಂಚಿಕೊಳ್ಳುವ ಗಾಳಿ ಅದು, ಅದರಲ್ಲಿ ಯಾರು ಬೇಕಾದರೂ ಮಾತಾಡಬಹುದು ಅಂತ. ಧಣಿ ಅದನ್ನೇ ಹಿಡಿದ, ಹೊರಗಿನ ಯಾವುದೋ ಅಲೆ ತಾಗಿ ಕ್ರೇನು ಇಳಿಯಿತು ಅಂತ. ಯಾರದ್ದೂ ಅಲ್ಲದ ಗಾಳಿಯಂತೆ! ಹಾಗಾದರೆ ಸಾವೂ ಯಾರದ್ದೂ ಅಲ್ಲವಾ? ಬಡವ ಸತ್ತರೆ ಗಾಳಿಯ ಮೇಲೆ ಹಾಕುವುದಾ?

ಆದರೆ ಮೆಕ್ಯಾನಿಕ್ಕು ಇನ್ನೊಂದೂ ಹೇಳಿದ್ದ. ಈ ಅಲೆ ಹೆಚ್ಚು ದೂರ ಹೋಗುವುದಿಲ್ಲ... ಒತ್ತುವವ ಹತ್ತಿರದಲ್ಲೇ ಇರಬೇಕು.

ಈಗ ಧಣಿ ಫೋನು ಬಿಟ್ಟ, ಕಾರು ಬಿಟ್ಟ, ನಡೆದೇ ತಿರುಗುತ್ತಾನೆ. ಆದರೂ ಅವನು ಹೋದ ದಾರಿಯಲ್ಲಿ ನಿಂತ ಕಾರುಗಳ ಬೀಗ ಟಕ್ಕಂತ ತೆರೆಯುತ್ತದೆ, ಅಂಗಡಿಯ ಸ್ಪೀಕರು ಗೊರಗೊರ ಅನ್ನುತ್ತದೆ. ನಿನ್ನೆಯೂ ನೋಡಿದೆ, ಅವನ ಕೈ ಖಾಲಿ, ಒತ್ತುವವ ಬೇರೆ. ನಕ್ಕೆಯಾ? ನಗು ನಗು... ಮಳೆ ಜೋರುಂಟು, ಅವನೂ ಈ ಮಾಡಿನಡಿಗೆ ಬಂದಾನು. ಬಂದರೆ ಇಬ್ಬರಿಗೆ ಜಾಗ ಬಿಡಿ."