ತಾತನ ಸಂಜೆ ವಾಕಿಂಗು

ಕ್ವೆಂಕಾ ನಗರದ ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ಹಸಿಂತಾ ಊದಿದ ಕಾಲು ಚಾಚಿಕೊಂಡು ಕೂತು ಒಂದು ಗಂಟೆಯಾಗಿತ್ತು. ಪಕ್ಕದ ಬೆಂಚಿನಲ್ಲಿ ಹ್ಯಾಟನ್ನು ತೊಡೆಯ ಮೇಲಿಟ್ಟುಕೊಂಡಿದ್ದ ಮುದುಕ ಹದಿನೈದರ ಮೊಮ್ಮಗಳ ಕಡೆ ಬಾಗಿ ಪಿಸುಗುಡುತ್ತಿದ್ದ. ಕೇಳಬಾರದು ಅಂದುಕೊಂಡರೂ ಹಸಿಂತಾಳ ಕಿವಿ ಅತ್ತಲೇ ಇತ್ತು.

“ಡಾಕ್ಟ್ರಿಗೆ ಏನಂತ ಹೇಳ್ಲಿ ಪುಟ್ಟಿ?”

“ಬೆಳಿಗ್ಗೆ ಏಳಕ್ಕಾಗಲ್ಲ ಅನ್ನು ತಾತ.”

“ನಿಮ್ಮಮ್ಮ ಸೋಮಾರಿತನ ಅಂತಾಳೆ.”

“ಎಚ್ಚರವಾಗೇ ಇರ್ತೀನಿ. ಕಾಲು ಕೆಳಗಿಡಕ್ಕೆ ಆಗಲ್ಲ, ಅಷ್ಟೆ. ಏನ್ ತಿಂದ್ರೂ ಮಣ್ಣು ತಿಂದಂಗಾಗುತ್ತೆ.”

“ನಾನು ಮಾಡಿದ ಸೂಪೂ ಹಾಗೇನಾ?”

ಹುಡುಗಿ ನಗಲಿಲ್ಲ. ಮುದುಕ ದನಿ ಇನ್ನೂ ತಗ್ಗಿಸಿದ.

“ಸೇತುವೆ ವಿಷಯಾನೂ ಹೇಳ್ಲಾ?”

“ನೀನು ನೋಡಿದ್ಯಾ?”

“ನೀನು ಕಂಬಿ ಹಿಡ್ಕೊಂಡು ಹೊಳೆ ನೋಡ್ತಾ ಎಷ್ಟು ಹೊತ್ತು ನಿಂತಿದ್ದೆ! ಅವತ್ತಿಂದ ದಿನಾ ಸಂಜೆ ನಿನ್ನ ಜೊತೆ ವಾಕಿಂಗ್ ಬರ್ತಿರೋದು ನನ್ನ ಮಂಡಿನೋವಿಗೆ ಅಂದ್ಕೊಂಡ್ಯಾ?”

ಅವಳು ಅವನ ತೋಳಿಗೆ ಹಣೆ ಒತ್ತಿದಳು. “ಬೈಯಲ್ವಾ?”

“ಜ್ವರ ಬಂದೋರನ್ನ ಯಾರಾದ್ರೂ ಬೈತಾರಾ?”

ನರ್ಸು “ಯಾದಿರಾ!” ಎಂದು ಹುಡುಗಿಯ ಹೆಸರು ಕೂಗಿದಳು. ಮುದುಕ ಮಂಡಿ ಹಿಡಿದುಕೊಂಡು ಎದ್ದ.

“ಸೇತುವೆ ವಿಷಯ ನಾನೇ ಹೇಳ್ತೀನಿ ತಾತ,” ಎಂದಳು ಹುಡುಗಿ. “ನೀನು ಪಕ್ಕದಲ್ಲಿರು, ಸಾಕು.”

ಇಬ್ಬರೂ ಒಳಗೆ ಹೋದರು.