ಬಚ್ಚಲಿಗೆ ಸಣ್ಣ ಬಿಲ್ಲೆ

ಟೈಲ್ಸ್ ಅಂಗಡಿಯ ಬೆಂಚಿನ ಮೇಲೆ ಗಾರೆ ಮೇಸ್ತ್ರಿ ತನ್ನ ಸರದಿಗೆ ಕಾಯುತ್ತಿದ್ದ. ಇಬ್ಬರು ಬಂದು ಪಕ್ಕದಲ್ಲಿ ಕುಳಿತರು. ಹಿರಿಯವನ ತೊಡೆಯ ಮೇಲೆ ಮೊಸಾಯಿಕ್ ಟೈಲಿನ ಒಂದು ಹಾಳೆಯಿತ್ತು. ಜಾಲರಿಗೆ ಅಂಟಿಸಿದ, ಹೆಬ್ಬೆರಳಗಲದ ಸಣ್ಣ ಬಿಲ್ಲೆಗಳು.

“ಬಚ್ಚಲಿಗೆ ಇದು ಸರಿಹೋಗುತ್ತಾ, ಭಾವ?” ಎಂದ ಕಿರಿಯವನು.

“ಸಂದು ಜಾಸ್ತಿ ಇರುತ್ತೆ. ಕಾಲು ಜಾರಲ್ಲ.”

“ಅಕ್ಕ ಇದನ್ನೇ ಕೇಳಿದ್ದಳಲ್ವಾ?”

“ಮನೆ ಕಟ್ಟುವಾಗ್ಲೇ ಕೇಳಿದ್ದಳು. ಸಂದಲ್ಲಿ ಕೊಳೆ ಕೂರುತ್ತೆ, ಯಾರು ಉಜ್ಜೋರು ಅಂತ ನಾನೇ ಬೇಡ ಅಂದೆ. ಕನ್ನಡಿ ಥರ ಹೊಳೆಯೋದು ಹಾಕಿಸಿದೆ.”

ಅಂಥ ಹೊಳೆಯುವ ನೆಲವನ್ನು ಮೇಸ್ತ್ರಿಯೂ ಎಷ್ಟೋ ಬಚ್ಚಲಿಗೆ ಹಾಕಿಕೊಟ್ಟಿದ್ದ. ಅವನು ಅವರತ್ತ ತಿರುಗಲಿಲ್ಲ.

“ಅಕ್ಕ ಜಾರಿ ಬಿದ್ದು ತೀರಿಹೋಗಿ ಇನ್ನೂ ತಿಂಗಳಾಗಿಲ್ಲ. ಇಷ್ಟು ಬೇಗ ಯಾಕೆ, ಭಾವ?”

“ಮಗಳು ಆ ಬಚ್ಚಲಿಗೆ ಕಾಲಿಡಲ್ಲ ಅಂತಾಳೆ. ದಿನಾ ಪಕ್ಕದ ಮನೇಲಿ ಸ್ನಾನ ಮಾಡ್ಕೊಂಡು ಶಾಲೆಗೆ ಹೋಗ್ತಾಳೆ.”

“ಹಾಗಿದ್ರೆ ಹಾಕ್ಸಿ.”

“ಊರು ಕೊಳ್ಳೆ ಹೋದ್ಮೇಲೆ ಕೋಟೆ ಬಾಗಿಲು ಹಾಕ್ತಿದಾನೆ ಅಂತ ನೀನೂ ಅಂದ್ಕೋತೀಯ.”

“ನಾನು ಹಾಗನ್ನಲ್ಲ, ಭಾವ.”

ಅಂಗಡಿಯವನು ಬಂದು, “ಬಣ್ಣ ಯಾವುದು ಕೊಡ್ಲಿ ಸಾರ್?” ಎಂದ.

ಹಿರಿಯವನು ಬಾಮೈದನ ಮುಖ ನೋಡಿದ. “ಅವಳಿಗೆ ಯಾವ ಬಣ್ಣ ಬೇಕಿತ್ತು?”

“ನಂಗೊತ್ತಿಲ್ಲ ಭಾವ. ನಿಮಗೆ ಹೇಳಿರ್ಲಿಲ್ವಾ?”

“ನಾನು ಕೇಳಲೇ ಇಲ್ಲ.”

ಹಿರಿಯವನು ಹಾಳೆಯನ್ನು ಬೆಂಚಿನ ಮೇಲಿಟ್ಟು ಎದ್ದ. “ಮಗಳನ್ನ ಕೇಳ್ತೀನಿ,” ಎಂದು ಫೋನನ್ನು ಕಿವಿಗಿಟ್ಟುಕೊಂಡ. ಇಬ್ಬರೂ ಬಾಗಿಲಾಚೆ ನಡೆದರು. ಆ ಹುಡುಗಿ ಏನೆಂದಳೋ ಮೇಸ್ತ್ರಿಗೆ ಕೇಳಿಸಲಿಲ್ಲ.